ಹಳೆಯ ಚೀಟಿ ಕೀಳಬಾರದು

ಜುಲೈ 9, ಭಾನುವಾರ

ಶುಭದಾ ಒಂಬತ್ತಕ್ಕೆ ಬಂದಳು. ಎಂದಿನಂತೆ ಮೊಳಕೆಕಾಳಿನ ಮಿಸಳ್ ಪಾರ್ಸಲ್. ಎಂದಿನಂತೆ ನನ್ನ ಪಾಲಿನದರಲ್ಲಿ ಖಾರದ ರಸ ಕಡಿಮೆ. ನನ್ನ ಹೊಟ್ಟೆಯ ಕಾಳಜಿ ನನಗಿಂತ ಅವಳಿಗೇ ಜಾಸ್ತಿ. ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಎಂ.ಎಸ್‌ಸಿ. ಕ್ಲಾಸಿನ ಕೊನೆಯ ಬೆಂಚು. ಈಗ ನಾನು ಕೂತಿದ್ದ ಖುರ್ಚಿಯಲ್ಲೇ ಬಾಟನಿ ವಿಭಾಗದ ಮುಖ್ಯಸ್ಥೆ. ಆದರೂ ಭಾನುವಾರ ನನ್ನ ಜೊತೆ ಜಗಳವಾಡದಿದ್ದರೆ ಇಬ್ಬರಿಗೂ ವಾರ ಶುರುವಾಗುವುದಿಲ್ಲ.

ಇವತ್ತಿನ ಜಗಳ — ನನ್ನ ಎಪ್ಪತ್ತೈದರ ಗೌರವ ಗ್ರಂಥ. ಸಂಪಾದಕಿ ಅವಳೇ. ಮುಖಪುಟಕ್ಕೆ ನನ್ನ ಕಂದೀಲು ಹೂವಿನ ಗಿಡ ಬರಬೇಕು ಅಂದೆ. ಮಸಾಯಿ ಪಠಾರ ಎಂಬ ಎತ್ತರದ ಬಯಲಿನ ಬೋಳು ಬಂಡೆಯ ಮೇಲೆ ಗೇಣುದ್ದ, ನೆಟ್ಟಗೆ ನಿಲ್ಲುವ ಗಿಡ. 1986ರಲ್ಲಿ ಹೊಸ ಜಾತಿ ಎಂದು ಸಾರಿ, ನನ್ನ ಗುರು ಪೇಂಡ್ಸೆ ಸರ್ ಹೆಸರಿಟ್ಟೆ. ಜೀವಮಾನದಲ್ಲಿ ನಾನು ಹೆಸರಿಟ್ಟದ್ದು ಅದೊಂದಕ್ಕೇ.

ನಿಮ್ಮ ಫೋಟೊನೇ ಹಾಕೋಣ ಎಂದಳು. ನನ್ನ ಮೋರೆ ನೋಡಿ ಯಾರು ಪುಸ್ತಕ ಮುಟ್ಟುತ್ತಾರೆ ಎಂದೆ. ನಗಬೇಕಿತ್ತು. ನಗಲಿಲ್ಲ... ಚಹಾ ಅರ್ಧಕ್ಕೇ ಬಿಟ್ಟು ಹೋದಳು.

ಇರಲಿ. ಮುಖಪುಟ ಗಿಡದ್ದೇ. ಚಿತ್ರ ಬರೆಯುವವನಿಗೆ ಜೀವಂತ ಗಿಡ ಬೇಕೆಂದು ಜೂನಿನಲ್ಲಿ ಪಠಾರದಿಂದ ತಂದ ಗೆಡ್ಡೆ ಟೆರೇಸಿನ ಕುಂಡದಲ್ಲಿ ಚಿಗುರಿದೆ.

ಜುಲೈ 27, ಗುರುವಾರ

ಟೆರೇಸ್ ಸೋರುತ್ತಿದೆ ಎಂದು ರಿಪೇರಿ. ಹೆಂಡತಿ ನನಗೊಂದು ಮಾತೂ ಹೇಳದೆ ಕುಂಡವನ್ನು ಹಿತ್ತಲಿಗೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇಳಿಸಿದ್ದಳು. ಎರಡು ವಾರ ನಾನೂ ಆ ಕಡೆ ಹೋಗಿರಲಿಲ್ಲ. ಮೊಣಕಾಲು. ಬೆಳಿಗ್ಗೆ ಅವಳೇ ಕೂಗಿದಳು —

"ನಿಮ್ಮ ಗಿಡ ನನ್ನ ಸೀರಿ ಹಾಕೂ ಹಗ್ಗಕ್ಕ ಸುತ್ಕೊಂಡೈತಿ. ಬಿಡಿಸ್ಲೇನು?"

ಹೋಗಿ ನೋಡಿದೆ. ಆಳೆತ್ತರ ಹಬ್ಬಿದೆ.

ನನ್ನ ಗಿಡ ಹಬ್ಬುವುದಿಲ್ಲ. ಹಬ್ಬದಿರುವುದೇ ಅದರ ಲಕ್ಷಣ, ಹಾಗೆಂದೇ ಅದು ಬೇರೆ ಜಾತಿ. ಹಬ್ಬುವುದು ಬೇಲಿಬೇಲಿಯಲ್ಲಿ ಸಿಗುವ ಮಾಮೂಲಿ ಕಂದೀಲು. ಗೆಡ್ಡೆ ಅದಲುಬದಲಾಯಿತೇ ಎಂದು ಕುಂಡ ತಿರುಗಿಸಿದೆ. ನನ್ನದೇ ಅಕ್ಷರ, ನನ್ನದೇ ತಾರೀಖು.

ಪಠಾರದ ಗಾಳಿಯಲ್ಲಿ ಕುಳ್ಳಗೆ ನಿಲ್ಲುವುದು, ಗಾಳಿ ತಪ್ಪಿದರೆ ಹಬ್ಬುವುದು... ಎರಡೂ ಒಂದೇ ಇರಬಹುದೇ? ಹೂ ಬಿಡಲಿ. ಹೂ ನೋಡದೆ ತೀರ್ಪು ಕೊಡುವವನಲ್ಲ ನಾನು.

ಒಮ್ಮೆ ಮಾತ್ರ ಅವಸರದ ತೀರ್ಪು ಕೊಟ್ಟಿದ್ದೆ. "ಹೆಸರಿಡುವ ಮುಂಚೆ ಎರಡು ಮಳೆಗಾಲ ಕುಂಡದಲ್ಲಿ ಬೆಳೆಸಿ ನೋಡಿ" — ಮೂವತ್ತು ವರ್ಷ ಕ್ಲಾಸಿನಲ್ಲಿ ಗಂಟಲು ಹರಿದುಕೊಂಡ ಮಾತು. ಆ ಗಿಡಕ್ಕೆ ಒಂದು ಮಳೆಗಾಲವೂ ಕೊಡಲಿಲ್ಲ. ಪೇಂಡ್ಸೆ ಸರ್ ಹಾಸಿಗೆ ಹಿಡಿದಿದ್ದರು. ಅವರ ಹೆಸರು ಅಚ್ಚಾದದ್ದನ್ನು ಅವರು ನೋಡಬೇಕಿತ್ತು. ನೋಡಿದರು. ಎರಡು ತಿಂಗಳಿಗೆ ಹೋದರು.

ಆಗಸ್ಟ್ 7, ಸೋಮವಾರ, ಮಧ್ಯಾಹ್ನ

ನಿನ್ನೆ ಹೂ ಬಿಟ್ಟಿತು. ಮಧ್ಯಾಹ್ನವೆಲ್ಲ ಲೆನ್ಸ್ ಹಿಡಿದು ಕೂತೆ. ಬೇಲಿಯ ಹೂ ಒಂದು ಕೈಯಲ್ಲಿ, ಇದು ಇನ್ನೊಂದರಲ್ಲಿ. ಒಂದೇ. ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಮೂವತ್ತೇಳು ವರ್ಷದ ತಪ್ಪು.

ನಿನ್ನೆ ಭಾನುವಾರ. ಶುಭದಾಗೆ ಮೀಟಿಂಗ್, ಬರಲಿಲ್ಲ. ಇವತ್ತು ರಿಕ್ಷಾ ಹಿಡಿದು ಕಾಲೇಜಿಗೇ ಹೋದೆ, ಹೇಳದೆ. ಅವಳು ಕ್ಲಾಸಿನಲ್ಲಿದ್ದಳು. ಕಾಯುತ್ತ ವಿಭಾಗದ ಹಿಂದಿನ ಜಗಲಿಗೆ ಹೋದೆ. ಬಿದಿರಿನ ತಟ್ಟಿಯ ಮರೆಯಲ್ಲಿ ಆರು ಕುಂಡ. ಆರರಲ್ಲೂ ಕಂದೀಲು ಕಡ್ಡಿಗೆ ಹಬ್ಬಿ ನಿಂತಿದೆ. ಲೇಬಲ್ ಅವಳ ದುಂಡು ಅಕ್ಷರದಲ್ಲಿ — ಮಸಾಯಿ ಪಠಾರ, 2021.

ಕೈಯಲ್ಲಿ ಸೀಮೆಸುಣ್ಣ ಹಿಡಿದೇ ಬಂದಳು. ನನ್ನನ್ನು ನೋಡಿದಳು, ಕುಂಡ ನೋಡಿದಳು, ನಿಂತುಬಿಟ್ಟಳು. ತಿಳಿದೂ ಲೇಖನ ಬರೆಯಲಿಲ್ಲ ಯಾಕೆ ಎಂದು ಕೇಳಿದೆ.

"ಬರದೀನ್ರಿ ಸರ್. ಪೂರಾ ಆಗೇತಿ. ಕಪಾಟಿನ್ಯಾಗ ಇಟ್ಟೀನಿ."

"ಎಷ್ಟು ದಿನದ ಸಲುವಾಗಿ?"

"ನೀವು ಇರೂತನಕಾ ತಗ್ಯಾಂಗಿಲ್ಲ ಅಂತ ಮಾಡಿದ್ದೆ."

"ಅಂದ್ರ ನಾ ಸಾಯೂ ಹಾದಿ ಕಾಯಾಕತ್ತಿದ್ದಿ."

ಆಡಬಾರದಿತ್ತು. ಆಡಿದೆ. ಅವಳು ಅಳುವವಳಲ್ಲ. ಸೀಮೆಸುಣ್ಣ ಎರಡು ತುಂಡು ಮಾಡಿದಳು, ಅಷ್ಟೇ. ನಾನು ವಾಪಸ್ ರಿಕ್ಷಾ ಹತ್ತಿದೆ.

ತಪ್ಪು ಮಾಡಿದ್ದಕ್ಕೆ ಬೇಜಾರಿಲ್ಲ. ಗಿಡ ಹುಡುಕುವವನು ತಪ್ಪಲೇಬೇಕು, ತಪ್ಪದವನು ಮನೆಯಲ್ಲಿ ಕೂತವನು. ಆದರೆ ನಾನು ತಡೆದುಕೊಳ್ಳಲಾರೆ ಎಂದು ಅವಳು ಎಣಿಸಿದಳಲ್ಲ! ಅದು ಚುಚ್ಚುತ್ತಿದೆ. ಮೂಲವ್ಯಾಧಿಯ ಆಪರೇಷನ್ನಿಗೆ ನಗುತ್ತ ಹೋದವನು ನಾನು, ಅವಳೇ ಸ್ಕೂಟರಿನಲ್ಲಿ ಬಿಟ್ಟಿದ್ದಳು.

ಆಗಸ್ಟ್ 13, ಭಾನುವಾರ

ಬರಲಿಲ್ಲ. ಫೋನೂ ಇಲ್ಲ. ನಾನೂ ಮಾಡಿಲ್ಲ. ಹೆಂಡತಿ ಅವಲಕ್ಕಿ ಮಾಡಿ ಮುಂದಿಟ್ಟಳು. ಇಡೀ ಕೊಲ್ಹಾಪುರದಲ್ಲಿ ಭಾನುವಾರ ಮಿಸಳ್ ಬಿಟ್ಟು ಅವಲಕ್ಕಿ ತಿಂದವನು ನಾನೊಬ್ಬನೇ ಇರಬೇಕು.

ಎಲ್ಲ ಹೇಳಿದೆ ಅವಳಿಗೆ. ನನ್ನ ಪರವಾಗಿ ಮಾತಾಡುತ್ತಾಳೆ ಎಂದುಕೊಂಡಿದ್ದೆ. ಕೊತ್ತಂಬರಿ ಸೋಸುತ್ತಲೇ ಅಂದಳು —

"ನಿಮ್ಮ ಗುರುಗೋಳ ಸಲುವಾಗಿ ನೀವು ಗಡಿಬಿಡಿ ಮಾಡಿದ್ರಿ. ಆಕಿ ತನ್ನ ಗುರುಗೋಳ ಸಲುವಾಗಿ ತಡಾ ಮಾಡ್ಯಾಳ. ಆಕಿನ್ನ ಬೈಯೂದು ಯಾವ ಲೆಕ್ಕದಾಗ?"

ಐವತ್ತು ವರ್ಷದ ಸಂಸಾರದಲ್ಲಿ ಇವಳೊಡನೆ ವಾದ ಗೆದ್ದ ನೆನಪಿಲ್ಲ.

ಸಂಜೆಯೆಲ್ಲ ಪೇಂಡ್ಸೆ ಸರ್ ನೆನಪು. 1970. ಅವರ ಒಣಗಿಸಿಟ್ಟ ಗಿಡದ ಹಾಳೆಯೊಂದರಲ್ಲಿ ಹೆಸರು ತಪ್ಪಿತ್ತು. ಹೆದರುತ್ತಲೇ ಹೇಳಿದೆ. ಲೆನ್ಸ್ ತೆಗೆದು ನೋಡಿದರು. ಒಂದು ಚೀಟಿ ಕೊಟ್ಟು, ಸರಿಯಾದ ಹೆಸರು ಬರಿ, ಕೆಳಗೆ ನಿನ್ನ ಸಹಿ ಹಾಕು ಎಂದರು. ನಾನು ಹಾಳೆಗೆ ಅಂಟಿಸಿದ್ದ ಅವರ ಚೀಟಿ ಕೀಳಲು ಹೋದೆ, ಕೈ ಹಿಡಿದರು. "ಹಳೇ ಚೀಟಿ ಕೀಳಬಾರ್ದು. ಬಾಜೂಕ ಹಚ್ಚು. ಯಾರು ಎಲ್ಲಿ ತಪ್ಪಿದ್ರು ಅನ್ನೂದೂ ವಿದ್ಯಾನ." ಆಮೇಲೆ ಚಹಾ ತರಿಸಿದರು. ನನ್ನ ಜನ್ಮದಲ್ಲಿ ಅಷ್ಟು ಸಿಹಿ ಚಹಾ ಕುಡಿದಿಲ್ಲ.

ಆ ಚಹಾ ನಾನು ಶುಭದಾಗೆ ಬಾಕಿ ಉಳಿಸಿಕೊಂಡಿದ್ದೇನೆ.

ಆಗಸ್ಟ್ 16, ಬುಧವಾರ, ಬೆಳಿಗ್ಗೆ ಹನ್ನೊಂದು, ಕಾಲೇಜು

ಎಂಟಕ್ಕೇ ಫೋನ್ ಮಾಡಿದೆ. ಸಾಯುವ ಹಾದಿಯ ಮಾತು ವಾಪಸ್ ತಗೊಂಡೆ ಎಂದೆ. ಮಿಸಳ್ ತರಿಸು, ಖಾರ ಪೂರ್ತಿ ಇರಲಿ, ಗೋಂದಿನ ಬಾಟಲಿ ಹುಡುಕಿಡು ಎಂದೆ. ಡಾಕ್ಟರು ಖಾರ ಬೇಡ ಅಂದಾರಲ್ರಿ ಎಂದಳು. ಸಮಾಧಾನವಾಯಿತು. ಜಗಳ ಶುರುವಾಯಿತಲ್ಲ.

ಈಗ ವಿಭಾಗದ ಗಿಡದ ಕಪಾಟುಗಳ ನಡುವೆ ಕೂತು ಬರೆಯುತ್ತಿದ್ದೇನೆ. ಎಲ್ಲ ತೀರ್ಮಾನವಾಯಿತು. ಅವಳ ಲೇಖನ ನಾಳೆ ಜರ್ನಲ್ಲಿಗೆ. ನನ್ನ ಹೆಸರೂ ಸೇರಿಸುತ್ತೇನೆ ಎಂದಳು, ಬೇಡ ಎಂದೆ. ಆರು ಕುಂಡಕ್ಕೆ ನೀರು ಹಾಕಿದವಳು ಅವಳು. ಗೌರವ ಗ್ರಂಥದ ಮುಖಪುಟಕ್ಕೆ ಎರಡು ಚಿತ್ರ — ಬಂಡೆಯ ಮೇಲಿನ ಕುಳ್ಳ, ಹೆಂಡತಿಯ ಸೀರೆ ಹಗ್ಗಕ್ಕೆ ಹಬ್ಬಿದ ಬಳ್ಳಿ. ಕೆಳಗೆ ಒಂದೇ ಹೆಸರು.

ಪೇಂಡ್ಸೆ ಸರ್ ಹೆಸರು ಹೋಗುತ್ತಲ್ಲ ಎಂದು ಕೇಳಿದಳು. ಎರಡು ವರ್ಷ ಅವಳ ಬಾಯಿ ಕಟ್ಟಿದ್ದು ಅದೂ ಹೌದಂತೆ. ಎಲ್ಲಿಗೂ ಹೋಗುವುದಿಲ್ಲ ಎಂದೆ. ಸರಿಯಾದ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅದು ಎಂದೆಂದಿಗೂ ಅಚ್ಚಾಗುತ್ತದೆ, ನನ್ನ ಹೆಸರಿನ ಜೊತೆ. ಗುರುಶಿಷ್ಯರು ಒಂದೇ ಸಾಲಿನಲ್ಲಿ. ಇನ್ನೇನು ಬೇಕು?

ನನ್ನ 1986ರ ಹಾಳೆ ಮೇಜಿನ ಮೇಲಿದೆ. ಗಿಡ ಕಂದಾಗಿದೆ, ನನ್ನ ಚೀಟಿ ಹಳದಿಯಾಗಿದೆ. ಬರೆದ ಅಕ್ಷರ ಮಾತ್ರ ಗಟ್ಟಿಯಾಗಿದೆ, ಏನು ಧೈರ್ಯ ಆ ಹುಡುಗನಿಗೆ! ಅದರ ಪಕ್ಕಕ್ಕೆ ಶುಭದಾ ಹೊಸ ಚೀಟಿ ಅಂಟಿಸಿದ್ದಾಳೆ. ಹೆಸರು ಬರೆದಾಯಿತು. ತಾರೀಖು ಬರೆದಾಯಿತು. ಚಹಾಕ್ಕೆ ಹೇಳಿದ್ದೇನೆ, ಸಕ್ಕರೆ ಹೆಚ್ಚು.

ಸಹಿಯೊಂದು ಬಾಕಿ. ಪೆನ್ನು ಹಿಡಿದು ನನ್ನ ಕಡೆ ನೋಡುತ್ತಿದ್ದಾಳೆ. ನಾನು ಡೈರಿಯಿಂದ ತಲೆ ಎತ್ತುವುದಿಲ್ಲ. ಎತ್ತಿದರೆ ನನ್ನ ಕಣ್ಣು ನೋಡಿ ಪೆನ್ನು ಕೆಳಗಿಡುತ್ತಾಳೆ. ಹಾಕು ಮಗಳೇ, ಹಾಕು...

ನಿಬ್ಬಿನ ಸದ್ದು. ಹಾಕಿದಳು.