ಸೈಡ್‌ಕಾರಿನ ಮರಳುಚೀಲ

ಅಣ್ಣಾ,

ನೀನು ತೀರಿಕೊಂಡ ಮೇಲೂ ನಿನಗೆ ವರದಿ ಒಪ್ಪಿಸುವ ನನ್ನ ಚಾಳಿ ಹೋಗಿಲ್ಲ. ಇಂದು ಬೆಳಿಗ್ಗೆ ನಿನ್ನ ಹಳೆಯ ಬ್ರಿಟಿಷ್ ಮೋಟಾರ್‌ಸೈಕಲ್ ಕಲಿಯಲು ಹತ್ತಿದೆ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಗಾಬರಿಯಲ್ಲಿ ಒಂದನ್ನು ತುಳಿಯುವ ಬದಲು ಇನ್ನೊಂದನ್ನು ತುಳಿದು ನಮ್ಮದೇ ಗೇಟಿಗೆ ಗುದ್ದಿದೆ. ಭಾರ ಕಡಿಮೆಯಾಗಲಿ ಎಂದು ಪಕ್ಕಕ್ಕೆ ಜೋಡಿಸಿದ ಸೈಡ್‌ಕಾರಿನ ಸೀಟಿನಲ್ಲಿದ್ದ ಮರಳುಚೀಲ ಇಳಿಸಹೋದರೆ, ಕಲಿಸಲು ಬಂದಿದ್ದ ನಿನ್ನ ಮೆಕ್ಯಾನಿಕ್ ತಡೆದ.

"ಅಯ್ಯೋ ಬೇಡಿ ಅಜ್ಜಿ! ಖಾಲಿ ಇದ್ರೆ ಎಡಕ್ಕೆ ತಿರುಗಿಸುವಾಗ ಸೈಡ್‌ಕಾರು ಮೇಲಕ್ಕೆದ್ದುಬಿಡುತ್ತೆ. ನೀವು ಕೂರೋದು ಬಿಟ್ಟ ಮೇಲೆ ಅವರೇ ಇಟ್ಕೊಂಡಿದ್ದು."

ತಿರುವಿನಲ್ಲೆಲ್ಲ "ವಾಲು ಪುಟ್ಟೀ!" ಎಂದು ಕೂಗುತ್ತಿದ್ದೆಯಲ್ಲ, ಅದು ಬರೀ ತಮಾಷೆ ಎಂದು ತಿಳಿದಿದ್ದೆ. ನನ್ನ ಮನೆಗೆ ಕಾರು ಬಂದ ಮೇಲೆ ನೀನು ಸವಾರಿಗೆ ಕರೆಯಲಿಲ್ಲ, ನಾನೂ ಕೇಳಲಿಲ್ಲ.

ಚೀಲಕ್ಕೆ ನನ್ನ ಹಳೆಯ ಶಾಲು ಸುತ್ತಿದ್ದೀಯ.

ಮೊದಲ ಎಡತಿರುವಿನಲ್ಲಿ ನನ್ನ ಬಾಯಿಂದಲೂ ಅದೇ ಬಂತು, "ವಾಲು ಪುಟ್ಟೀ!" ಚೀಲ ನೆಟ್ಟಗೆ ಕೂತೇ ಇತ್ತು.