ಹೊಲಿದಿಟ್ಟ ಪುಟಗಳು

ಅವ್ವಾ,

ನಿನ್ನ ಮೇಲೆ ಸಿಟ್ಟು ಬಂದಿದೆ. ಹೋದವರ ಮೇಲೆ ಸಿಟ್ಟಾಗಬಾರದಂತೆ. ನೀನಿದ್ದಾಗಲೇ ಜಗಳ ತೆಗೆಯಬಹುದಿತ್ತು, ಆದರೆ ಆಗ ನನಗೇನು ಗೊತ್ತಿತ್ತು?

ಹೋದ ತಿಂಗಳು ನಿನ್ನ ಮೊಮ್ಮಗಳು ಸುಮಾ ಮೊಬೈಲಿನಲ್ಲಿ ಕಾದಂಬರಿ ಓದುತ್ತಾ ಸಿಕ್ಕಿಬಿದ್ದಳು. ಒಂಬತ್ತನೇ ತರಗತಿ ಹುಡುಗಿ. ಪ್ರೀತಿಯ ಕಥೆ, ದಿನಕ್ಕೊಂದು ಕಂತು. ನಿನ್ನ ಅಳಿಯ ಗೊತ್ತಲ್ಲ, ಸಿರುಗುಪ್ಪದ ರಿಪೇರಿ ಅಂಗಡಿಯಲ್ಲಿ ಪಂಪ್‌ಸೆಟ್ ಬಿಚ್ಚಿ ಬಿಚ್ಚಿ, ಮನೆಯಲ್ಲೂ ಅದೇ ಕೈ: ಕೆಟ್ಟಿತು ಅನಿಸಿದ್ದನ್ನು ಬಿಚ್ಚಿ ತೆಗೆದಿಡುವುದು. “ಮೊಬೈಲ್ ಕಸಗೊಂಡು ಬೀರೂನ್ಯಾಗ ಇಡು. ಕಥಿ ಗಿಥಿ ಎಲ್ಲಾ ಬಂದ್” ಅಂದರು. ನಾನು ಜಂಬದಿಂದ ಹೇಳಿದೆ: “ನಮ್ಮವ್ವ ಹಂಗ ಮಾಡ್ಲಿಲ್ರಿ. ತಾನು ಮೊದ್ಲು ಓದಿ, ಆಮ್ಯಾಲ ನನಗ ಕೊಡ್ತಿದ್ಲು. ನಾನೂ ಹಂಗ ಮಾಡ್ತೀನಿ.”

ಬಳ್ಳಾರಿಯ ಮನೆ ನೆನಪಾಯಿತು. ನಡುಮನೆಯಲ್ಲಿ ನಿನ್ನ ಮಷೀನು, ಸುತ್ತ ಹೊಲಿಯಲು ಬಂದ ಜೀನ್ಸ್ ಪ್ಯಾಂಟುಗಳ ಗುಡ್ಡೆ. ಓಣಿಯ ಟೀಚರಮ್ಮ ವರ್ಗವಾಗಿ ಹೋಗುವಾಗ ಒಂದು ಚೀಲ ಕಾದಂಬರಿ ಕೊಟ್ಟಿದ್ದರು. ಕುರುಗೋಡಿನಲ್ಲಿ ಏಳನೆಯವರೆಗೆ ಓದಿದ ನೀನು ಮಧ್ಯಾಹ್ನ ಮಷೀನು ನಿಲ್ಲಿಸಿ ಒಂದೊಂದನ್ನೇ ಓದುತ್ತಿದ್ದೆ. ನಾನು ಓದಬಾರದ ಪುಟಗಳನ್ನು ನೀನು ಒಟ್ಟು ಸೇರಿಸಿ, ಪ್ಯಾಂಟಿನ ಜೇಬು ಹೊಲಿಯುವ ಹಳದಿ ದಾರದಲ್ಲಿ ಅಂಚು ಹೊಲಿದು ಕೊಡುತ್ತಿದ್ದೆ. “ಇದರಾಗ ಹೊಲಸು ಐತಿ. ಮದುವಿ ಆದಮ್ಯಾಲ ಬಿಚ್ಚಿ ಓದು. ನಿನ್ನ ಮ್ಯಾಲ ನಂಬಿಕಿ ಐತಿ ನನಗ.” ಬೇರೆ ಮನೆಗಳಲ್ಲಿ ಕಾದಂಬರಿ ಒಲೆಗೆ ಹೋಗುತ್ತಿದ್ದ ಕಾಲ. ನನ್ನಷ್ಟು ಪುಣ್ಯವಂತೆ ಯಾರೂ ಇಲ್ಲ ಅಂದುಕೊಂಡಿದ್ದೆ.

ಗೆಳತಿ ರೇಣುಕಾ ಒಮ್ಮೆ ಬ್ಲೇಡು ಹಿಡಿದೇ ಬಂದಿದ್ದಳು. “ಕೊಯ್ಯಲೇ, ನಿಮ್ಮವ್ವಗ ಏನ್ ಗೊತ್ತಾಗತೈತಿ?” ನಾನು ಪುಸ್ತಕ ಕಸಿದುಕೊಂಡೆ, ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಒಂದು ಹೊಲಿಗೆಯನ್ನೂ ಬಿಚ್ಚಲಿಲ್ಲ ಅವ್ವಾ. ಮದುವೆಯಾದ ಮೇಲೆ ಆ ಪುಸ್ತಕಗಳ ನೆನಪೇ ಬರಲಿಲ್ಲ.

ನಿನ್ನ ವರ್ಷದ ಕಾರ್ಯ ಮುಗಿದ ಮೇಲೆ ತಮ್ಮ ಆ ಚೀಲ ಕೊಟ್ಟು ಕಳಿಸಿದ್ದ. ಸುಮಾಗೆ ಒಳ್ಳೆಯದೊಂದು ಆರಿಸೋಣವೆಂದು ಕೂತೆ. ನಲವತ್ತು ದಾಟಿದವಳು, ಇನ್ನೇನು ಹೆದರಿಕೆ? ಹೊಲಿಗೆ ಕೊಯ್ದೆ.

ಮೊದಲನೆಯದರಲ್ಲಿ ಹುಡುಗಿ, ನೋಡಲು ಬಂದ ಗಂಡಿನ ಮುಂದೆ “ನಾನು ಓದಬೇಕು” ಅನ್ನುತ್ತಾಳೆ. ಎರಡನೆಯದರಲ್ಲಿ ಮಗಳು ಮದುವೆ ಒಲ್ಲೆ ಅಂದದ್ದಕ್ಕೆ ಅಪ್ಪ ಎರಡು ದಿನ ಊಟ ಬಿಡುತ್ತಾನೆ, ಮೂರನೆಯ ದಿನ ತಾನೇ ಹೋಗಿ ಮಗಳನ್ನು ಹಾಸ್ಟೆಲಿಗೆ ಸೇರಿಸಿ ಬರುತ್ತಾನೆ. ಮೂರನೆಯದೂ ಅದೇ. ಹೊಲಸು ಎಲ್ಲಿತ್ತು? ಹೊಳೆಯ ದಂಡೆಯಲ್ಲಿ ಮುತ್ತು ಕೊಡುವ ಪುಟವನ್ನು ನೀನು ಹೊಲಿದೇ ಇರಲಿಲ್ಲ! ಅದನ್ನು ನಾನು ಹದಿನೈದಕ್ಕೇ ಓದಿ, ಇದೇ ಇಷ್ಟಿದ್ದರೆ ಹೊಲಿದದ್ದು ಇನ್ನೆಷ್ಟಿರಬೇಕು ಎಂದು ನಾಚಿಕೊಂಡಿದ್ದೆ.

ನೀನು ಮಾಡಿದ್ದು ಏನು ಗೊತ್ತಾ? ಹೊಲಿಗೆಯ ಈಚೆ ಹುಡುಗಿ ಅಪ್ಪನ ಮನೆಯಲ್ಲಿ, ಆಚೆ ಅವಳು ಹಾಸ್ಟೆಲಿನಲ್ಲಿ, ಸಾಲೆಯಲ್ಲಿ, ನೌಕರಿಯಲ್ಲಿ. ನಡುವೆ ಏನೋ ಹೊಲಸು ಮಾಡಿಯೇ ಅಲ್ಲಿಗೆ ಹೋಗಿದ್ದಾಳೆ ಅಂತ ನಾನು ನಂಬಿದೆ. ಹೊರಗೆ ಹೋದ ಹೆಣ್ಣುಮಕ್ಕಳೆಲ್ಲ ಹಾಗೆಯೇ ಹೋದವರು ಅಂತ... ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಸಿರುಗುಪ್ಪದವರು ನೋಡಲು ಬಂದ ದಿನ ನಾನು ಟೀಚರ್ ಆಗಲು ಡಿ.ಎಡ್. ಅರ್ಜಿ ತಂದು ಟ್ರಂಕಿನಲ್ಲಿಟ್ಟಿದ್ದೆ. ನಿನಗೆ ಗೊತ್ತಿತ್ತು. ನನ್ನ ಜಡೆ ಹೆಣೆಯುತ್ತಾ “ಕೇಳಿದ್ರ ಹೂಂ ಅನ್ನು” ಅಂದೆ. ನಾನು ಹೂಂ ಅಂದೆ.

ಇನ್ನೊಂದು ಹೇಳಬೇಕು. ಹೊಲಿದ ಪುಟಗಳ ಒಳಗೆಲ್ಲ ನಿನ್ನ ಹೆಬ್ಬೆರಳಿನ ಮಷೀನೆಣ್ಣೆ ಕಲೆ. ಬೇರೆ ಪುಟಗಳಲ್ಲಿ ಒಂದೋ ಎರಡೋ; ಇಲ್ಲಿ ಅಂಚೇ ಕಪ್ಪಾಗಿದೆ. ಹೊಲಿಯುವ ಮೊದಲು ಮತ್ತೆ ಮತ್ತೆ ಓದಿದ್ದೀಯ. ನಿನಗೂ ಅದು ಬೇಕಿತ್ತು, ಹಾಗಿದ್ದೂ ನನಗೆ... ಇದನ್ನು ನೋಡಿ ನಿನ್ನ ಮೇಲೆ ಕನಿಕರ ಬರಬೇಕಿತ್ತು. ಬರಲಿಲ್ಲ, ಸಿಟ್ಟು ಇನ್ನೂ ಹೆಚ್ಚಾಯಿತು.

ಎಲ್ಲ ಹೊಲಿಗೆ ಬಿಚ್ಚಿ ಪುಸ್ತಕಗಳನ್ನು ಸುಮಾಗೆ ಕೊಟ್ಟೆ, ಟ್ರಂಕಿನಲ್ಲಿಟ್ಟ ಅರ್ಜಿಯ ವಿಷಯವನ್ನೂ ಹೇಳಿದೆ. ಮೊಬೈಲಿನ ಕಥೆಯೂ ಓದಲಿ, ಏನು ಓದಿದೆ ಅಂತ ನನಗೆ ಬಂದು ಹೇಳಲಿ, ಸಾಕು. ಮೊನ್ನೆ ಭಾನುವಾರ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು: “ಅವ್ವ, ನೋಡಾಕ ಬಂದಾಗ ನೀನ್ಯಾಕ ಒಲ್ಲೆ ಅನ್ಲಿಲ್ಲ? ನಿನಗೂ ಓದಬೇಕಿತ್ತಲ್ಲ?”

“ಅನ್ನಬೋದು ಅಂತ ಗೊತ್ತಿರ್ಲಿಲ್ಲವ್ವ” ಅಂದೆ.

ನಿನ್ನ ಅಳಿಯ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “ಓದೂದಿತ್ತೇನು ನಿನಗ? ನಿಮ್ಮವ್ವನ್ನ ನಾನೇ ಕೇಳಿದ್ದೆ. ಹುಡುಗಿಗಿ ಓದಿನ ಮ್ಯಾಲ ಮನಸಿಲ್ಲ ಅಂದ್ರು. ಹೇಳಿದ್ರ ಎರಡು ವರ್ಷ ಕಾಯ್ತಿದ್ದೆನಲ್ಲ” ಅಂದರು.

ಕಾಯುತ್ತಿದ್ದರಂತೆ, ಅವ್ವಾ.

ನಿನ್ನ ಮಗಳು