ಬಲಗಾಲು ಮುಂದೆ

ಜೂನ್ 11, ಬೆಳಿಗ್ಗೆ
ಸುರೇಶನನ್ನು ಆಫೀಸಿಗೆ ಕರೆದೊಯ್ಯುವ ಕ್ಯಾಬ್ ಹೋಯಿತು. ಊರಿನ ಆ ತುದಿಯ ಶೋಳಿಂಗನಲ್ಲೂರಿಗೆ ಹೋಗುವವರು ಇಷ್ಟು ಹೊತ್ತಿಗೇ ಹೊರಡಬೇಕು, ಇಲ್ಲವಾದರೆ ದಾರಿಯಲ್ಲೇ ಮಧ್ಯಾಹ್ನ. ಬಾಗಿಲು ಹಾಕಿದೆ. ಕೈಗೆ ಪಟ್ಟಿ ಸುತ್ತಿದೆ. ಫೋನನ್ನು ಟಿ.ವಿ.ಗೆ ಒರಗಿಸಿ ವಿಡಿಯೋ ಹಾಕಿದೆ.

ಈ ಕಡೆಯ ಹಳೇ ಫ್ಲ್ಯಾಟುಗಳ ಹಾಲ್‌ನಲ್ಲಿ ಉಯ್ಯಾಲೆಗೆಂದೇ ಕೊಂಡಿ ಬಿಟ್ಟಿರುತ್ತಾರೆ. ನಮ್ಮದರಲ್ಲಿ ಬಾಕ್ಸಿಂಗ್ ಬ್ಯಾಗ್ ತೂಗುತ್ತಿದೆ. ವರ್ಷದ ಮೇಲಾಯಿತು. ಡಾಕ್ಟರು ಬಿಪಿಗೆ ವಾಕಿಂಗ್ ಮಾಡಿ ಎಂದಿದ್ದರು. ನಾನು ಇದನ್ನು ತಂದೆ. ಮನೆಯಲ್ಲಿ ಒಂದು ಸದ್ದಾದರೂ ಆಗಲಿ ಎಂದು.

ವಿಡಿಯೋದವನು ಪ್ರತಿ ಸುತ್ತಿನ ಕೊನೆಗೆ 'ಗುಡ್ ಜಾಬ್' ಅನ್ನುತ್ತಾನೆ. ನನಗಲ್ಲ, ಗೊತ್ತು. ಆದರೂ ಅದನ್ನು ಕೇಳಿಯೇ ಗ್ಲೌಸ್ ಬಿಚ್ಚುವುದು.

ಜೂನ್ 14
ಕೆಳಗಿನ ಮನೆಯ ಮಾಮಿ ಹತ್ತಿ ಬಂದರು. ಮಂಡಿ ನೋವಿನವರು, ಆದರೂ ಒಂದು ಮಹಡಿ.

"ಎನ್ನಡಿಮ್ಮಾ, ದಿನಂ ಕಾರ್ತಾಲೆ ಮಾವು ಇಡಿಕ್ಕರಿಯಾ?"

ದಿನಾ ಬೆಳಿಗ್ಗೆ ಹಿಟ್ಟು ಕುಟ್ಟುತ್ತೀಯಾ ಎಂದು. ಬ್ಯಾಗ್ ತೋರಿಸಿದೆ. ಬಹಳ ಹೊತ್ತು ನೋಡಿದರು. "ಗಂಡ ಹೊಡೀತಾನಾ?" ಎಂದು ತಮಿಳಿನಲ್ಲೇ, ದನಿ ತಗ್ಗಿಸಿ. ಇಲ್ಲ ಮಾಮಿ, ಅವರು ಮಾತೇ ಆಡಲ್ಲ ಅನ್ನೋಣ ಎನಿಸಿತು. ನಕ್ಕೆ. ಅವರ ಹಾಲ್‌ನ ಸೂರಿನಿಂದ ಗಾರೆ ಉದುರುತ್ತಿದೆಯಂತೆ. ಬ್ಯಾಗ್ ಇಳಿಸಲೇಬೇಕು.

ಜೂನ್ 15
ಊಟಕ್ಕೆ ಕೂತಾಗ ಸುರೇಶನಿಗೆ ಹೇಳಿದೆ. ಒಂದು ಕಿವಿಯಲ್ಲಿ ಹೆಡ್‌ಫೋನ್.

"ಸ್ಟೇಷನ್ ಹತ್ರ ಒಂದು ಬಾಕ್ಸಿಂಗ್ ಜಿಮ್ ಇದೆ. ಸೇರ್ಕೊಳ್ಳಲಾ?"

"ಹಂ... ಯಾರಿಗೆ ಹೊಡೀಬೇಕು ನಿಂಗೆ?"

"ಯಾರಾದ್ರೂ ಸಿಕ್ಕಿದ್ರೆ ನೋಡೋಣ."

"ಒಂದ್ನಿಮಿಷ, ಕಾಲ್ ಬಂತು," ಎಂದು ತಟ್ಟೆ ಹಿಡಿದೇ ಎದ್ದು ಹೋದ. ಕೆಟ್ಟವನಲ್ಲ. ಮೈಸೂರಿನಿಂದ ಇಲ್ಲಿಗೆ ಬರುವಾಗ ನನ್ನ ಕವಿತೆಯ ಪುಸ್ತಕಗಳ ಡಬ್ಬಗಳನ್ನು ಅವನೇ ಕಟ್ಟಿದ್ದ, ಒಂದರ ಮೂಲೆಯೂ ಮಡಚಿಕೊಳ್ಳದ ಹಾಗೆ. ಕನ್ನಡ ಎಂ.ಎ.ಗೆ ಈ ಊರಿನಲ್ಲಿ ಕೆಲಸವಿಲ್ಲ. ಮೈಸೂರಿನ ಪ್ರಕಾಶಕರೊಬ್ಬರು ಕರಡು ತಿದ್ದಲು ಕಳಿಸುತ್ತಾರೆ. ದಿನವಿಡೀ ಕನ್ನಡ ಓದುತ್ತೇನೆ. ಬಾಯಿ ಬಿಟ್ಟು ಆಡುವುದು ಎಷ್ಟು?

ಜೂನ್ 23
ಜಿಮ್‌ಗೆ ಹೋದೆ. ಪಾತ್ರೆ ಅಂಗಡಿಯ ಮೇಲಿನ ಮಹಡಿ. ಬೆವರು, ರಬ್ಬರ್, ಮೆಟ್ಟಿಲ ತನಕ ಬರುವ ಬೆಳ್ಳುಳ್ಳಿ ಒಗ್ಗರಣೆ. ಒಂದು ಗೋಡೆ ಪೂರ್ತಿ ಕನ್ನಡಿ.

ಸಾಲಾಗಿ ನಿಲ್ಲಿಸಿದರು. ಎಲ್ಲರ ಎಡಗಾಲು ಮುಂದೆ. ನನ್ನದು ಬಲಗಾಲು. ಕೋಚ್ ಸಾಯಿ ಬಂದು ಕಾಲನ್ನೇ ನೋಡಿದ.

"ಲೆಫ್ಟ್ ಹ್ಯಾಂಡಾ ಮೇಡಂ?"

ಆಗ ಹೊಳೆಯಿತು. ವಿಡಿಯೋದವನು ನನಗೆ ಎದುರಾಗಿ ನಿಲ್ಲುತ್ತಿದ್ದ. ಅವನು ಎಡಗಾಲು ಮುಂದಿಟ್ಟರೆ ನನಗದು ಬಲಗಡೆ ಕಾಣುತ್ತದೆ. ನಾನೂ ಬಲಗಾಲು ಮುಂದಿಟ್ಟೆ. ಬಲಗೈಯವಳು ಒಂದು ವರ್ಷ ಎಡಗೈಯವರ ನಿಲುವನ್ನು ಕಲಿತೆ. ತಿದ್ದಲು ಮನೆಯಲ್ಲಿ ಯಾರಿದ್ದರು?

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಗೋಡೆಯ ಕಡೆ ಕೈ ತೋರಿಸಿದ. ಅಲ್ಲೊಬ್ಬ ಹುಡುಗಿ ಒಬ್ಬಳೇ ನೆರಳಿಗೆ ಗುದ್ದುತ್ತಿದ್ದಳು. ಅವಳೂ ಲೆಫ್ಟಿ. ಎದುರುಬದುರು ನಿಂತರೆ ಬಲಗೈಯವರ ಪಾದಕ್ಕೂ ಅವಳ ಪಾದಕ್ಕೂ ಡಿಕ್ಕಿ. ಅದಕ್ಕೇ ಅವಳಿಗೆ ಜೋಡಿಯಾಗಲು ಯಾರೂ ಒಪ್ಪುವುದಿಲ್ಲವಂತೆ. ನೀವು ಲೆಫ್ಟಿಯಾದರೆ ಸರಿಹೋಗುತ್ತದೆ ಎಂದ.

"ಆಮಾ," ಎಂದುಬಿಟ್ಟೆ. ಹೌದು ಎಂದು.

ಜುಲೈ 2
ಆ ಲೆಫ್ಟಿ ಹುಡುಗಿಯ ಹೆಸರು ತನುಶ್ರೀ. ಪುರಸೈವಾಕ್ಕಂನವಳು, ಇಲ್ಲಿ ಹತ್ತಿರದ ಲ್ಯಾಬಿನಲ್ಲಿ ಕೆಲಸ. ತಾತ ರೈಲ್ವೆಗೆ ಸೇರಿ ಕೋಲಾರದಿಂದ ಬಂದವರು. ನಾನು ಕನ್ನಡದಲ್ಲಿ ಮಾತಾಡುತ್ತೇನೆ, ಅವಳು ತಮಿಳಿನಲ್ಲಿ ಉತ್ತರಿಸುತ್ತಾಳೆ. ಕನ್ನಡ ಎಲ್ಲ ಅರ್ಥವಾಗುತ್ತದೆ, ಆಡಲು ನಾಚಿಕೆ.

ಮೊದಲ ದಿನ ಆಂಟಿ ಎಂದಳು. ಇವತ್ತು ನನ್ನದೊಂದು ಜ್ಯಾಬ್ ಅವಳ ಹಣೆಗೆ ತಗುಲಿತು. "ಅಯ್ಯೋ ಅಕ್ಕಾ!" ಎಂದು ನಕ್ಕಳು. ಬಡ್ತಿ.

ಅವಳ ಗ್ಲೌಸ್ ನನ್ನ ಭುಜಕ್ಕೆ ಬಡಿಯುತ್ತದೆ. ನೋಯುತ್ತದೆ. ಒಬ್ಬರ ಕೈ ನನ್ನನ್ನು ಮುಟ್ಟಿ ಎಷ್ಟು ಕಾಲವಾಗಿತ್ತು ಎಂದು ಬಸ್‌ಸ್ಟಾಪಿನಲ್ಲಿ ನಿಂತು ಯೋಚಿಸಿದೆ. ಎರಡು ಬಸ್ ಬಿಟ್ಟೆ.

ಜುಲೈ 19
ಎಡಗೈಯಲ್ಲಿ ಬಾಟಲಿ ಹಿಡಿಯುತ್ತೇನೆ. ಎಡಗೈಯಲ್ಲಿ ಟೀ. ಚೂಡಿದಾರದ ಮೇಲೆಲ್ಲ ಚೆಲ್ಲಿಕೊಂಡೆ.

ಟೀ ಅಂಗಡಿಯಲ್ಲಿ ತನು ಕೇಳಿದಳು: "ಚಿನ್ನ ವಯಸ್ಸುಲೆ ಉಂಗಳೆಯುಂ ಅಡಿಚ್ಚಾಂಗಳಾ ಅಕ್ಕಾ?" ಚಿಕ್ಕವಳಾಗಿದ್ದಾಗ ನಿಮ್ಮನ್ನೂ ಹೊಡೀತಿದ್ರಾ? ಎಡಗೈಯಲ್ಲಿ ಉಂಡರೆ ಅವಳ ಅಜ್ಜಿ ಸೌಟಿನಲ್ಲಿ ಹೊಡೆಯುತ್ತಿದ್ದರಂತೆ. ಒಂದು ಹಬ್ಬದಲ್ಲಿ ಎಲ್ಲರ ಎದುರು ಆ ಕೈಯನ್ನು ಸೆರಗಿನಿಂದ ಕುರ್ಚಿಗೆ ಕಟ್ಟಿದ್ದರಂತೆ. ಬೆರಳ ಗಂಟು ತೋರಿಸಿದಳು. ಇನ್ನೂ ಗುರುತಿದೆ.

ಹೂಂ ಎಂದೆ.

ಮೊದಲ ಸುಳ್ಳು ಕಾಲಿನದು. ಇದು ಬೇರೆ. ಯಾರದೋ ಬಾಲ್ಯದ ಪೆಟ್ಟನ್ನು ನನ್ನದೆಂದು ತೆಗೆದುಕೊಂಡೆ. ಅವಳು ನನ್ನ ಎಡ ಮುಂಗೈಯನ್ನು ಹಿಡಿದುಕೊಂಡೇ ಟೀ ಮುಗಿಸಿದಳು.

ಜುಲೈ 20
ಕವಿತೆ ಓದಲು ಕೂತೆ. ಒಂದು ಸಾಲೂ ತಲೆಗೆ ಹತ್ತಲಿಲ್ಲ.

ಸೆಪ್ಟೆಂಬರ್ 2
ಎಷ್ಟು ದಿನವಾಯಿತು ಬರೆಯದೆ. ಬರೆಯುವ ಹೊತ್ತಿನಲ್ಲಿ ಈಗ ಮಾತಾಡುತ್ತಿರುತ್ತೇನೆ.

ತನು ಜಿಲ್ಲಾ ಮಟ್ಟದ ಪಂದ್ಯಕ್ಕೆ ಹೆಸರು ಕೊಟ್ಟಿದ್ದಾಳೆ. ಈ ತಿಂಗಳ ಇಪ್ಪತ್ತೊಂದಕ್ಕೆ. ಸಾಯಿ ಇವತ್ತು ಅವಳನ್ನು ನೇಹಾಳೆದುರು ನಿಲ್ಲಿಸಿದ. ನೇಹಾ ಬಲಗೈಯವಳು, ಗಟ್ಟಿ ಹುಡುಗಿ. ತನುವಿನ ಕಾಲು ತೊಡರಿತು, ನೇರ ಗುದ್ದುಗಳು ಒಂದಾದಮೇಲೊಂದು ಮುಖಕ್ಕೇ ಬಿದ್ದವು. ನನ್ನೆದುರು ಹೀಗೆ ಒಂದು ದಿನವೂ ಪೆಟ್ಟು ತಿಂದವಳಲ್ಲ.

ಸಾಯಿ ರೇಗಿದ. ಪಂದ್ಯದಲ್ಲಿ ಸಿಗುವವರೆಲ್ಲ ರೈಟ್ ಹ್ಯಾಂಡ್. ಇಷ್ಟು ದಿನ ಲೆಫ್ಟಿಯ ಜೊತೆಗೇ ಇದ್ದು ಕೆಟ್ಟುಹೋಗಿದ್ದೀಯಾ ಎಂದ.

ಕೆಡಿಸಿದವಳು ನಾನು. ಅದೂ ಲೆಫ್ಟಿಯಲ್ಲದ ನಾನು.

ಸೆಪ್ಟೆಂಬರ್ 4
ಹೇಳಿದೆ. ಮೆಟ್ಟಿಲ ಮೇಲೆ, ಅವಳು ಶೂ ಕಟ್ಟಿಕೊಳ್ಳುತ್ತಿದ್ದಾಗ. ವಿಡಿಯೋ, ಕಾಲು, 'ಆಮಾ' ಎಂದದ್ದು, ಎಲ್ಲ. ಮೊದಲು ನಕ್ಕಳು. ತಮಾಷೆ ಎಂದುಕೊಂಡಳು. ಆಮೇಲೆ ಲೇಸ್ ಬಿಟ್ಟು ತಲೆ ಎತ್ತಿದಳು.

"ನಿಮ್ಮನ್ನೂ ಹೊಡೆದ್ರು ಅಂದ್ರಲ್ಲ?"

ಕನ್ನಡದಲ್ಲಿ. ಅವಳು ನನ್ನೊಡನೆ ಆಡಿದ ಮೊದಲ ಕನ್ನಡ.

"ಇಲ್ಲ ತನು. ಯಾರೂ ಹೊಡೆದಿಲ್ಲ."

"ನೀವು ಬಂದ ವಾರವೇ ನೇಹಾ ಕರೆದ್ಲು ನನ್ನ. ಡಿಕ್ಕಿ ಆದ್ರೂ ಪರವಾಗಿಲ್ಲ, ಬಾ ಅಂತ. ನಾನೇ ಬೇಡ ಅಂದೆ. ಇಲ್ಲಿ ಲೆಫ್ಟಿಗೆ ಯಾರೂ ಸಿಗಲ್ಲ, ಈ ಅಕ್ಕ ಒಬ್ರೇ ಆಗ್ತಾರೆ ಅಂತ..." ಮಾತು ಸಿಗದೆ ತಡಕಾಡಿದಳು. "ಪಾವಂ ಅಂತ ಇದ್ದೆ. ನಿಮಗೋಸ್ಕರ."

ಪಾವಂ. ಪಾಪ ಎಂದು. ನಾನು ಅವಳ ಒಂಟಿತನಕ್ಕೆ ಜೊತೆಯಾದೆ ಎಂದುಕೊಂಡಿದ್ದೆ.

ಮೆಟ್ಟಿಲಿಳಿದು ಹೋದಳು. ಒಂದು ಶೂ ಕಟ್ಟಿರಲಿಲ್ಲ.

ಸೆಪ್ಟೆಂಬರ್ 5
ಹೋಗಲಿಲ್ಲ.

ಸೆಪ್ಟೆಂಬರ್ 8
ಹೋಗಲಿಲ್ಲ. ಸುರೇಶ ಕೇಳಿದ, "ಬಾಕ್ಸಿಂಗ್ ಬಿಟ್ಯಾ?" ಅವನು ಗಮನಿಸಿದ್ದೇ ಆಶ್ಚರ್ಯ. ಹೇಳಬೇಕೆಂದು ತಿರುಗಿದೆ. ಹೆಡ್‌ಫೋನ್‌ನಲ್ಲಿ ಯಾರಿಗೋ 'ಯೆಸ್, ಯೆಸ್' ಅನ್ನುತ್ತಿದ್ದ.

ಮನೆಯಲ್ಲೇ ಮಾಡಬಹುದು. ಬ್ಯಾಗ್ ಇಲ್ಲದಿದ್ದರೂ ನೆರಳಿಗೆ ಗುದ್ದಬಹುದು. ನೆರಳು ಏನೂ ಕೇಳುವುದಿಲ್ಲ. ಮಾಡಿದೆ. ಎರಡು ನಿಮಿಷಕ್ಕೆ ಸಾಕೆನಿಸಿತು.

ಸೆಪ್ಟೆಂಬರ್ 10
ಹೋದೆ. ಸಾಯಿಗೂ ಹೇಳಿದೆ. ಅವನು ಬೈಯಲಿಲ್ಲ, ಹಣೆ ಚಚ್ಚಿಕೊಂಡ. "ಒರು ವಾರ್ತೆ ಸೊಲ್ಲಿರುಕ್ಕಲಾಮೇ ಮೇಡಂ!" ಒಂದು ಮಾತು ಹೇಳಬಹುದಿತ್ತಲ್ಲ. ನಂತರ ನನ್ನ ಎಡಗಾಲನ್ನು ತನ್ನ ಕಾಲಿನಿಂದ ಮುಂದೆ ತಳ್ಳಿದ. ಮೊದಲಿಂದ ಶುರು.

ತನು, ನೇಹಾ ಆಚೆ ತುದಿಯಲ್ಲಿ. ಡಿಕ್ಕಿ, ಬೈಗುಳ, ನಗು. ನಾನು ಕನ್ನಡಿಯೆದುರು ಒಬ್ಬಳೇ. ಸ್ವಂತ ನಿಲುವಿನಲ್ಲಿ ನಿಂತರೆ ಬಾಡಿಗೆ ಮನೆಯಲ್ಲಿ ನಿಂತ ಹಾಗೆ. ಮೈ ಒಪ್ಪುವುದಿಲ್ಲ. ಆದರೆ ಬಲಗೈ ಹಿಂದಿನಿಂದ ಬಂದಾಗ, ಸೊಂಟ ತಿರುಗಿದಾಗ, ಪಕ್ಕದಲ್ಲಿ ತೂಗುವ ಬ್ಯಾಗಿನಲ್ಲಿ ಒಂದು ಸದ್ದು... ನನ್ನ ಕೈಗೆ ಇಷ್ಟು ಭಾರವಿದೆ ಎಂದು ಗೊತ್ತಿರಲಿಲ್ಲ.

ಸೆಪ್ಟೆಂಬರ್ 16
ನೀರಿನ ಕ್ಯಾನ್ ಬಳಿ ತನು ಎದುರಾದಳು. ನನ್ನ ಕೈ ನೋಡಿದಳು. ಲೋಟ ಬಲಗೈಯಲ್ಲಿತ್ತು. ದಾರಿ ಬಿಟ್ಟಳು.

ಸೆಪ್ಟೆಂಬರ್ 19, ಸಂಜೆ
ಜಿಮ್ಮಿನಿಂದ ಬಂದವಳೇ ಬರೆಯಲು ಕೂತೆ.

ನೇಹಾ ಬರಲಿಲ್ಲ, ಜ್ವರ. ಪಂದ್ಯ ನಾಡಿದ್ದು. ಉಳಿದವರು ಗಂಡಸರು, ತೂಕ ಹೆಚ್ಚು. ಸಾಯಿ ಸುತ್ತಲೂ ನೋಡಿ ಕೊನೆಗೆ, "ಮೇಡಂ, ವಾಂಗ," ಎಂದು ನನ್ನನ್ನು ಕರೆದ. ತನು ಬೇಡ ಅಂದಾಳು ಎಂದು ಕಾದೆ. ಅವಳು ಹಲ್ಲಿನ ಗಾರ್ಡ್ ಕಚ್ಚಿಕೊಂಡಳು, ಅಷ್ಟೆ.

ಎಡಗಾಲು ಮುಂದಿಟ್ಟೆ. ಮೊದಲ ಹೆಜ್ಜೆಗೇ ಅವಳ ಪಾದ ತುಳಿದೆ. ಬಡಿದಳು. ಅಭ್ಯಾಸದ ಬಡಿತವಲ್ಲ. ಕಿವಿ ಗುಯ್ ಎಂದಿತು. ಹಿಂದೆ ಸರಿಯಲಿಲ್ಲ. ಅವಳಿಗೆ ಬೇಕಾದದ್ದು ಎದುರಲ್ಲೊಬ್ಬ ಬಲಗೈಯವಳು. ಅಷ್ಟಾದರೂ ನಾನು ಆಗಬಲ್ಲೆ. ಮತ್ತೆ ತುಳಿತ, ಮತ್ತೆ ಪೆಟ್ಟು. ನಿಧಾನವಾಗಿ ಅವಳು ನನ್ನ ಕಾಲಿನ ಹೊರಗೆ ಕಾಲಿಡುವುದನ್ನು ಕಂಡುಕೊಂಡಳು. ಸಾಯಿ "ಅದಾನ್, ಅದಾನ್!" ಎಂದು ಕೂಗಿದ. ಅದೇ, ಅದೇ ಎಂದು.

ಆಗೊಮ್ಮೆ ಅವಳ ಕೈ ಕೆಳಗಿಳಿಯಿತು. ನನ್ನ ಬಲಗೈ ನನ್ನನ್ನು ಕೇಳಲಿಲ್ಲ. ನೇರ ಅವಳ ಕೆನ್ನೆಗೆ.

ಎಲ್ಲ ನಿಂತಿತು. ನಾನು ಸಾರಿ ಎನ್ನಲು ಗ್ಲೌಸ್ ಇಳಿಸಿದೆ.

"ಇಳಿಸ್ಬೇಡಿ," ಎಂದಳು. ಕನ್ನಡದಲ್ಲಿ. ಗಾರ್ಡ್ ಕಚ್ಚಿದ ಬಾಯಲ್ಲಿ. "ಇನ್ನೊಂದ್ಸಲ. ಅದೇ ಕೈ."

ಗಂಟೆ ಹೊಡೆಯಿತು. ಸುತ್ತು ಮುಗಿಯಿತೆಂದು ಸಾಯಿ ನಡುವೆ ಬಂದ. ಅವಳು ಕದಲಲಿಲ್ಲ. ನಾನೂ ಕೈ ಎತ್ತಿ ನಿಂತೆ, ಎಡಗಾಲು ಮುಂದೆ.